ಕುರ್ಚಿಗೆ ಮೊದಲು ಅರ್ಥಿಂಗ್

ನಮಸ್ಕಾರ. ಹೋಮ್ ಆಫೀಸ್ ಅಂತ ಹುಡುಕಿ ಯಾವ ವಿಡಿಯೋ ಹಾಕಿದ್ರೂ ಮೊದಲು ಕುರ್ಚಿ, ಆಮೇಲೆ ಮೇಜು, ಆಮೇಲೆ ಗೋಡೆಗೆ ನೇರಳೆ ಲೈಟು. ನೋಡ್ಲಿಕ್ಕೆ ಚಂದ ಉಂಟು, ಇಲ್ಲ ಅಂತಲ್ಲ. ಆದ್ರೆ ಆ ಕೋಣೆಗಳೆಲ್ಲ ಒಣ ಊರಿನವು. ಅದೇ ಕೋಣೆಯನ್ನು ಎತ್ತಿ ನಮ್ಮ ಕರಾವಳಿಯ ಸುರತ್ಕಲ್‌ನಲ್ಲೋ ಕಾಪುವಿನಲ್ಲೋ ಇಡಿ. ಜುಲೈ-ಆಗಸ್ಟ್‌ನ ಆಟಿ ತಿಂಗಳು ಕಳೆಯುವಷ್ಟರಲ್ಲಿ ಮೇಜಿನ ಅಂಚು ಎಣ್ಣೆಗೆ ಬಿಟ್ಟ ಹಪ್ಪಳದ ಹಾಗೆ ಎದ್ದಿರ್ತದೆ, ಕುರ್ಚಿಯ ಬೆನ್ನಿಗೆ ಬೂಷ್ಟು ಹಿಡಿದಿರ್ತದೆ. ರೂಟರ್ ಅಂತೂ ಮೇ ತಿಂಗಳ ಗುಡುಗಿಗೇ ಹೋಗಿರ್ತದೆ.

ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಬೀಳುವ ಊರು ನಮ್ಮದು. ಹಾಗಾಗಿ ಇಲ್ಲಿ ದುಡ್ಡು ಖರ್ಚು ಮಾಡುವ ಕ್ರಮ ತಲೆಕೆಳಗಾಗ್ಬೇಕು. ಮೊದಲು ಕರೆಂಟು, ಆಮೇಲೆ ಗೋಡೆ, ಆಮೇಲೆ ಮೇಜು. ಕುರ್ಚಿ ಕಡೆಗೆ. ಕುರ್ಚಿ ಸರಿ ಇಲ್ಲದಿದ್ರೆ ಸೊಂಟ ನೋವು ನಿಧಾನಕ್ಕೆ ಬರ್ತದೆ. ಅರ್ಥಿಂಗ್, ಅಂದ್ರೆ ಹೆಚ್ಚಾದ ಕರೆಂಟನ್ನು ನೆಲಕ್ಕೆ ಇಳಿಸುವ ದಾರಿ, ಸರಿ ಇಲ್ಲದಿದ್ರೆ ಸಿಡಿಲು ಬಂದಾಗ ಲ್ಯಾಪ್‌ಟಾಪ್ ಒಂದೇ ಸೆಕೆಂಡಿನಲ್ಲಿ ಹೋಗ್ತದೆ ಮಾರಾಯ್ರೆ.

ಕರೆಂಟಿನಿಂದಲೇ ಶುರು ಮಾಡುವ. ಜುಲೈಯ ಬಿಡದ ಮಳೆಯಲ್ಲಿ ಸಿಡಿಲು ಕಡಿಮೆ. ಅದರ ಕಾಟ ಇರುವುದು ಏಪ್ರಿಲ್-ಮೇ ಸಂಜೆಗಳಲ್ಲಿ, ಮತ್ತೆ ಅಕ್ಟೋಬರ್ ಸಂಜೆಗಳಲ್ಲಿ. ಮನೆಯ ಅರ್ಥಿಂಗ್ ನೋಡಿ ಅಂದ್ರೆ ಎಲೆಕ್ಟ್ರಿಷಿಯನ್ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ತೆಗೆದು ಫೇಸ್‌ಗೂ ಅರ್ಥ್‌ಗೂ ಹಿಡಿದು, 230 ವೋಲ್ಟ್ ಉಂಟು, ಎಂತ ತೊಂದರೆ ಇಲ್ಲ ಅಂತಾರೆ. ಅಷ್ಟಕ್ಕೇ ನಂಬ್ಬೇಡಿ. ಡಿಜಿಟಲ್ ಮೀಟರ್ ಓಡ್ಲಿಕ್ಕೆ ಹೆಚ್ಚು ಕರೆಂಟು ಹರಿಯಬೇಕು ಅಂತಿಲ್ಲ, ಹೆಸರಿಗೆ ಮಾತ್ರ ಇರುವ ಅರ್ಥ್‌ನಲ್ಲೂ ಅದು 230ರ ಹತ್ತಿರ ತೋರಿಸ್ತದೆ. ಕೇಳ್ಬೇಕಾದದ್ದು ಅರ್ಥ್ ಟೆಸ್ಟರ್, ನೆಲಕ್ಕೆ ಹೋಗುವ ದಾರಿಯ ತಡೆಯನ್ನು ಓಮ್‌ನಲ್ಲಿ ಅಳೆಯುವ ಮೀಟರ್. ಅದರಲ್ಲಿ 5 ಓಮ್ ಒಳಗೆ ಬಂದ್ರೆ ಒಳ್ಳೆಯದು. ಅದನ್ನೂ ಆಗಸ್ಟ್‌ನಲ್ಲಿ ಅಳೆದು ಖುಷಿಪಡ್ಬೇಡಿ. ನಮ್ಮ ಮುರಕಲ್ಲಿನ ನೆಲ ಮಳೆಗಾಲದಲ್ಲಿ ನೀರು ಕುಡಿದಿರ್ತದೆ, ಆಗ ಅರ್ಥ್ ಪೈಪು ಹೂತ ಯಾವ ಗುಂಡಿಯೂ ಚೆನ್ನಾಗಿಯೇ ಕಾಣ್ತದೆ. ನೀರು ಇಳಿದು ನೆಲ ಒಣಗಿದ ಮೇಲೆ, ಅಂದ್ರೆ ಸಿಡಿಲಿನ ಕಾಲಕ್ಕೆ ಸರಿಯಾಗಿ, ಓಮ್ ಏರ್ತದೆ. ಮಾರ್ಚ್ ಕೊನೆಗೆ ಅಳೆಸಿ. ಎರಡೂವರೆ ಮೀಟರ್ ಪೈಪು, ಸುತ್ತ ಇದ್ದಿಲು-ಉಪ್ಪು, ಇಲ್ಲವೇ ನೀರು ಹಿಡಿದಿಡುವ ಬೆಂಟೊನೈಟ್ ಮಣ್ಣು ಹಾಕಿದ ಗುಂಡಿ. ಬೇಸಿಗೆಯಲ್ಲಿ ವಾರಕ್ಕೊಮ್ಮೆ ಎರಡು ಕೊಡ ನೀರು ಅದಕ್ಕೆ. ತೆಂಗಿನ ಬುಡಕ್ಕೆ ಬಿಡುವಾಗ ಇಲ್ಲಿಗೂ ಸ್ವಲ್ಪ ಬಿಟ್ರೆ ಆಯ್ತು.

ಇನ್ನು ಸ್ಪೈಕ್ ಗಾರ್ಡ್. ಅದರ ಒಳಗೆ ಎಂಓವಿ ಅಂತ ಒಂದು ಬಿಲ್ಲೆ ಇರ್ತದೆ, ಬಟನ್‌ಗಿಂತ ಸ್ವಲ್ಪ ದೊಡ್ಡದು. ವೋಲ್ಟೇಜ್ ಹಾರಿದಾಗ ಅದು ತನ್ನ ಮೇಲೆ ಎಳ್ಕೊಂಡು ಬೇರೆ ದಾರಿಗೆ ಬಿಡ್ತದೆ. ಆ ದಾರಿಗಳಲ್ಲಿ ಮುಖ್ಯವಾದದ್ದೇ ಅರ್ಥ್. ಅರ್ಥ್ ಇಲ್ಲದ ಮನೆಯಲ್ಲಿ ಸ್ಪೈಕ್ ಗಾರ್ಡ್ ಅರ್ಧಕ್ಕರ್ಧ ಬರಿ ಎಕ್ಸ್‌ಟೆನ್ಶನ್ ಬೋರ್ಡ್. ಇನ್ನೊಂದು, ಪ್ರತಿ ಹೊಡೆತಕ್ಕೂ ಆ ಬಿಲ್ಲೆ ಸವೀತದೆ. ಐದು ವರ್ಷದ ಹಳೆಯ ಬೋರ್ಡಿನ ಕೆಂಪು ದೀಪ ಉರೀತಾ ಇದ್ರೆ ಕರೆಂಟು ಉಂಟು ಅಂತ ಮಾತ್ರ ಅರ್ಥ, ಬಿಲ್ಲೆ ಬದುಕಿದೆ ಅಂತಲ್ಲ. ಹೊಸ ವೈರಿಂಗ್ ಮಾಡಿಸುವವರು ಡಿಬಿಯಲ್ಲೇ, ಅಂದ್ರೆ ಮನೆಯ ಮುಖ್ಯ ಸ್ವಿಚ್‌ಗಳ ಪೆಟ್ಟಿಗೆಯಲ್ಲೇ, ಇಡೀ ಮನೆಗೆ ಸ್ಪೈಕ್ ಗಾರ್ಡ್ ಹಾಗಿರುವ ಟೈಪ್ 2 ಎಸ್‌ಪಿಡಿ ಹಾಕಿಸಿ, ಅದಕ್ಕೆ ಹೋಗುವ ವೈರ್ ಎಲ್ಲ ಸೇರಿ ಅರ್ಧ ಮೀಟರ್ ಒಳಗಿರಲಿ. ವೈರ್ ಉದ್ದವಾದಷ್ಟೂ ಅದರ ಪ್ರಯೋಜನ ಕಡಿಮೆ. ಜೊತೆಗೆ ಓವರ್ ವೋಲ್ಟೇಜ್ ರಿಲೇ ಒಂದು. ಗಾಳಿಮಳೆಗೆ ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ತುಂಡಾದ್ರೆ 230 ಇದ್ದದ್ದು 400ರ ಹತ್ತಿರ ಹೋಗಿ ಅಲ್ಲೇ ನಿಲ್ತದೆ. ಸ್ಪೈಕ್ ಗಾರ್ಡ್ ಇರುವುದು ಕ್ಷಣದ ಏಟಿಗೆ. ನಿಂತ ವೋಲ್ಟೇಜಿಗೆ ಅದೇ ಸುಟ್ಟುಹೋಗ್ತದೆ. ರಿಲೇಯನ್ನು 270ಕ್ಕೆ ಇಟ್ರೆ ಅದು ಲೈನ್ ಕತ್ತರಿಸಿ ಕೂರ್ತದೆ.

ಇದೆಲ್ಲ ಇದ್ದೂ, ಮೂಡಣದಲ್ಲಿ ಘಟ್ಟದ ಕಡೆ ಮೋಡ ಕಪ್ಪಾಗಿ ಗುಡುಗು ಶುರುವಾದ್ರೆ ಪ್ಲಗ್ ಎಳೆಯಿರಿ. ಸ್ವಿಚ್ ಆಫ್ ಸಾಲುವುದಿಲ್ಲ, ಕಿಲೋಮೀಟರ್‌ಗಟ್ಟಲೆ ಹಾರಿ ಬಂದದ್ದಕ್ಕೆ ಸ್ವಿಚ್ಚಿನೊಳಗಿನ ಮೂರು ಮಿಲಿಮೀಟರ್ ಎಂತ ಲೆಕ್ಕ? ಫೈಬರ್ ಗಾಜಿನದ್ದು, ಅದರಲ್ಲಿ ಕರೆಂಟು ಬರುವುದಿಲ್ಲ ಅಂತಾರೆ. ಹೌದು, ಆದ್ರೆ ಕಂಬದಿಂದ ಬರುವ ಚಪ್ಪಟೆ ಕೇಬಲಿನಲ್ಲಿ ಹೆಚ್ಚಾಗಿ ಉಕ್ಕಿನ ತಂತಿಯೂ ಇರ್ತದೆ. ಅದನ್ನು ಮನೆಯ ಹೊರಗೇ ಕತ್ತರಿಸಿ, ಗಾಜಿನ ಎಳೆ ಮಾತ್ರ ಒಳಗೆ ಬರುವ ಹಾಗೆ ಮಾಡಿಸಿ. ಮನೆಯಿಂದ ತೋಟದ ಔಟ್‌ಹೌಸಿಗೆ ಆಕಾಶದಲ್ಲಿ ಲ್ಯಾನ್ ಕೇಬಲ್ ಎಳೆಯುವವರಿದ್ದಾರೆ. ಅದು ತಾಮ್ರ. ಸಿಡಿಲಿಗೆ ಬಟ್ಟೆ ಒಣಗಿಸುವ ಹಗ್ಗ ಕಟ್ಟಿಕೊಟ್ಟ ಹಾಗೆ.

ಇನ್ವರ್ಟರ್ ಲೆಕ್ಕ ಬಾಯಲ್ಲೇ ಮಾಡುವ. ಲ್ಯಾಪ್‌ಟಾಪ್ 65 ವ್ಯಾಟ್, ಮಾನಿಟರ್ 25, ರೂಟರ್ ಮತ್ತು ಫೈಬರ್ ಪೆಟ್ಟಿಗೆ ಸೇರಿ 15, ಒಂದು ಎಲ್‌ಇಡಿ 10, ಸಾಮಾನ್ಯ ಫ್ಯಾನ್ 75. ಒಟ್ಟು 190. 150 ಎಎಚ್, 12 ವೋಲ್ಟ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1,800 ವ್ಯಾಟ್-ಅವರ್. ಪೂರ್ತಿ ಇಳಿಸಬಾರದು, ಇನ್ವರ್ಟರ್ ಕೂಡ ಸ್ವಲ್ಪ ತಿಂತದೆ, ಕೈಗೆ ಸಿಗುವುದು 1,150 ಆಸುಪಾಸು. ಆರು ಗಂಟೆ. ಫ್ಯಾನ್ ಮಾತ್ರ ಬದಲಾಯಿಸಿ ಕಡಿಮೆ ಕರೆಂಟು ತಿನ್ನುವ 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನ್ ಹಾಕಿದ್ರೆ ಅದೇ ಬ್ಯಾಟರಿ ಎಂಟು ಗಂಟೆ ಬರ್ತದೆ. ದೊಡ್ಡ ಬ್ಯಾಟರಿಗೆ ದುಡ್ಡು ಕೊಡುವ ಮೊದಲು ಈ ಲೆಕ್ಕ ಹಾಕಿ.

ಇನ್ವರ್ಟರ್‌ನಲ್ಲಿ ಒಂದು ಸಣ್ಣ ಸ್ವಿಚ್ ಇರ್ತದೆ, ಯುಪಿಎಸ್ ಮೋಡ್, ನಾರ್ಮಲ್ ಮೋಡ್ ಅಂತ. ಯುಪಿಎಸ್‌ನಲ್ಲಿಟ್ರೆ ಕರೆಂಟು ಹೋದಾಗ ಕಂಪ್ಯೂಟರ್ ರೀಸ್ಟಾರ್ಟ್ ಆಗುವುದಿಲ್ಲ. ಆದ್ರೆ ವೋಲ್ಟೇಜ್ ಸುಮಾರು 180ರ ಕೆಳಗೆ ಬಂದ ಕೂಡಲೇ ಅದು ಲೈನ್ ಬಿಟ್ಟು ಬ್ಯಾಟರಿಗೆ ಹೋಗ್ತದೆ. ಹಳ್ಳಿ ಕಡೆ, ಬೇಸಿಗೆಯಲ್ಲಿ ಅಡಿಕೆ ತೋಟದ ಪಂಪುಗಳೆಲ್ಲ ಒಟ್ಟಿಗೆ ಓಡುವಾಗ, ಲೈನಿನಲ್ಲಿ ಕರೆಂಟು ಇದ್ದೂ ಬ್ಯಾಟರಿ ಖಾಲಿಯಾಗುವುದು ಇದರಿಂದ. ಬ್ಯಾಟರಿ ಹಾಳು ಅಂತ ಅಂಗಡಿಗೆ ಹೊತ್ಕೊಂಡು ಹೋಗ್ತಾರೆ ಪಾಪ. ಲ್ಯಾಪ್‌ಟಾಪ್ ಇರುವವರು ನಾರ್ಮಲ್‌ನಲ್ಲಿಟ್ಟು, ರೂಟರ್‌ಗೆ ಬೇರೆ ಒಂದು ಪುಟ್ಟ 12 ವೋಲ್ಟ್ ಯುಪಿಎಸ್ ಹಾಕಿದ್ರೆ ಸಾಕು. ಅಡಾಪ್ಟರಿನ ಮೇಲೆ 12 ವೋಲ್ಟ್ ಅಂತಲೇ ಬರೆದಿದೆಯಾ, ಎಷ್ಟು ಆಂಪಿಯರ್ ಅಂತ ನೋಡಿಯೇ ತಗೊಳ್ಳಿ. ಮತ್ತೆ, ಇನ್ವರ್ಟರ್ ತೂತಿಗೆ ಸಣ್ಣ ಬಲೆ ಕಟ್ಟಿ. ಬೆಚ್ಚಗಿರ್ತದೆ ಅಂತ ಹಲ್ಲಿ ಒಳಗೆ ಹೋಗಿ ಬೋರ್ಡಿನ ಮೇಲೆ ಅಡ್ಡ ಮಲಗಿದ್ರೆ ಅದೂ ಇಲ್ಲ, ಇನ್ವರ್ಟರೂ ಇಲ್ಲ.

ಈಗ ಗೋಡೆ. ನಮ್ಮಲ್ಲಿ ಮಳೆ ಹೊಡೆಯುವುದು ಪಡುವಣದಿಂದ, ನೈರುತ್ಯದಿಂದ. ಆ ಕಡೆಯ ಗೋಡೆಗೆ ಮೇಜು ತಾಗಿಸಿ ಇಡಬೇಡಿ, ಒಳಗಿನ ಅಡ್ಡಗೋಡೆ ಇದ್ರೆ ಅದೇ ಒಳ್ಳೆಯದು. ಗೋಡೆ ತೇವ ಆದ್ರೆ ನೀರು ಎಲ್ಲಿಂದ ಅಂತ ಮೊದಲು ತಿಳೀಬೇಕು. ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ತಗೊಳ್ಳಿ, ನಾಲ್ಕೂ ಅಂಚಿಗೆ ಟೇಪು ಹಾಕಿ ಗೋಡೆಗೆ ಅಂಟಿಸಿ, ಎರಡು ದಿನ ಬಿಡಿ. ಹನಿ ಹಾಳೆಯ ಹಿಂದೆ, ಗೋಡೆಯ ಕಡೆ ಕೂತಿದ್ರೆ ನೀರು ಗೋಡೆಯ ಒಳಗಿಂದ ಬರ್ತಾ ಇದೆ. ಹೊರಗಿನ ಗಾರೆ ಬಿರುಕು, ಕಿಟಕಿ ಕೆಳಗಿನ ಇಳಿಜಾರು, ತಾರಸಿಯ ಮೂಲೆ ನೋಡಿಸಿ. ಒಳಗಿಂದ ವಾಟರ್‌ಪ್ರೂಫ್ ಪೇಂಟ್ ಬಳಿದ್ರೆ ಅದು ಗುಳ್ಳೆ ಎದ್ದು ಉದುರ್ತದೆ, ದುಡ್ಡು ದಂಡ. ಹನಿ ನಿಮ್ಮ ಕಡೆ ಇದ್ರೆ ಅದು ಕೋಣೆಯ ಗಾಳಿಯದ್ದು. ಅದಕ್ಕೆ ಕಿಟಕಿ ತೆರೆದಿಡುವುದು ಅಂತ ಎಲ್ಲರೂ ಹೇಳ್ತಾರೆ. ಜುಲೈಯಲ್ಲಿ ಹೊರಗಿನ ಗಾಳಿಯೇ 90 ಪರ್ಸೆಂಟ್ ತೇವ ಇರುವಾಗ ಕಿಟಕಿ ತೆರೆದ್ರೆ ಒಣಗುವುದು ಎಂತ? ಮಳೆ ಬಿಡುವು ಕೊಟ್ಟು ಬಿಸಿಲು ಬಂದಾಗ ಮಾತ್ರ ತೆರೆಯಿರಿ. ಉಳಿದ ಹೊತ್ತು ಎಸಿಯ ಡ್ರೈ ಮೋಡ್, ಇಲ್ಲ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್. ಕೆಲವು ನೂರು ರೂಪಾಯಿಯ ತೇವಮಾಪಕ ಮೇಜಿನ ಮೇಲಿರಲಿ. 70 ದಾಟಿ ದಿನಗಟ್ಟಲೆ ನಿಂತ್ರೆ ಬೂಷ್ಟು ಖಂಡಿತ, 60ರ ಸುತ್ತ ಇದ್ರೆ ಚಿಂತೆ ಇಲ್ಲ.

ತಾರಸಿಯ ಮೇಲೆ ಶೀಟು ಹಾಕಿ ಮಾಡಿದ ಕೋಣೆಯನ್ನು ಆಫೀಸ್ ಮಾಡುವವರು ತುಂಬ ಜನ. ಬೇಡ. ಏಪ್ರಿಲ್‌ನಲ್ಲಿ ಕಾವಲಿ, ಜೂನ್‌ನಲ್ಲಿ ಚೆಂಡೆ. ಬೇರೆ ಗತಿ ಇಲ್ಲದಿದ್ರೆ ಬಾಯಿಗೆ ಎರಡು ಬೆರಳು ದೂರದಲ್ಲಿ ಕಡ್ಡಿ ಮೈಕ್ ಬರುವ ಹೆಡ್‌ಸೆಟ್ ಹಾಕಿ. ಮೇಜಿನ ಮೇಲಿಡುವ ದುಬಾರಿ ಕಂಡೆನ್ಸರ್ ಮೈಕ್ ನಿಮ್ಮ ಮಾತಿಗಿಂತ ಮಳೆಯನ್ನೇ ಚೆನ್ನಾಗಿ ಹಿಡೀತದೆ.

ಮೇಜು. ನನ್ನ ಕೈಲಿರುವ ಈ ತುಂಡನ್ನು ಸ್ವಲ್ಪ ಹತ್ತಿರದಿಂದ ನೋಡಿ. ಇದು ಪಾರ್ಟಿಕಲ್ ಬೋರ್ಡ್, ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆ. ಮೇಲಿನ ಲ್ಯಾಮಿನೇಟ್ ಈಗಲೂ ಕನ್ನಡಿ ಹಾಗೆ ಉಂಟು, ಒಂದು ಗೆರೆ ಇಲ್ಲ. ತಿರುಗಿಸಿದ್ರೆ ಸ್ಕ್ರೂ ಹಾಕಿದ ತೂತಿನ ಸುತ್ತ ಒಂದು ಇಂಚಿನಷ್ಟು ಜಾಗ ಉಬ್ಬಿದೆ, ಉಗುರು ಹಾಕಿದ್ರೆ ಅವಲಕ್ಕಿ ಹಾಗೆ ಉದುರ್ತದೆ. ನೀರು ಮೇಲಿಂದ ಬರುವುದೇ ಇಲ್ಲ, ಮುಚ್ಚದೆ ಬಿಟ್ಟ ಅಂಚಿನಿಂದ, ತೂತಿನಿಂದ, ಕೆಳಗಿನ ಬರಿ ಮೈಯಿಂದ ಬರ್ತದೆ. ಹಾಗಾಗಿ ಐಎಸ್ 710 ಮುದ್ರೆ ಇರುವ ಪ್ಲೈವುಡ್, 19 ಮಿಲಿಮೀಟರ್. ಅದರ ಅಂಟು 72 ಗಂಟೆ ಕುದಿಸಿದ್ರೂ ಬಿಡಬಾರದು ಅನ್ನುವ ಪರೀಕ್ಷೆ ಉಂಟು. 8 ಅಡಿ, 4 ಅಡಿ ಶೀಟಿನಲ್ಲಿ 5 ಅಡಿ ಉದ್ದ, ಎರಡೂವರೆ ಅಡಿ ಅಗಲದ ಹಲಗೆ ಕತ್ತರಿಸಿದ್ರೆ ಉಳಿದದ್ದರಲ್ಲಿ ಎರಡು ಶೆಲ್ಫ್ ಆಗ್ತದೆ. ನಾಲ್ಕೂ ಅಂಚಿಗೆ ಎರಡು ಮಿಲಿಮೀಟರ್ ಪಟ್ಟಿ, ಕೆಳಮೈಗೂ ಲ್ಯಾಮಿನೇಟ್ ಇಲ್ಲವೇ ಎರಡು ಕೋಟ್ ಸೀಲರ್. ಒಂದೇ ಮೈಗೆ ಹಾಕಿದ್ರೆ ಹಲಗೆ ಬಾಗ್ತದೆ. ಹಳೆ ಮನೆ ಕೆಡವುವಾಗ ಹಲಸಿನ ಹಲಗೆ ಸಿಕ್ಕಿದ್ರೆ ಈ ಮಾತೆಲ್ಲ ಬಿಟ್ಟುಬಿಡಿ, ಅದಕ್ಕೆ ಸಮ ಇಲ್ಲ, ಒರಲೆ ತಿಂದಿಲ್ಲ ಅಂತ ಮಾತ್ರ ತಟ್ಟಿ ನೋಡಿ. ಗೋಡೆಯಿಂದ ನಾಲ್ಕು ಇಂಚು ಬಿಟ್ಟು ಇಡಿ. ಬೋಲ್ಟು ಎಸ್‌ಎಸ್ 304, ಅಂದ್ರೆ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಆಗಲಿ, ಕಡಲ ಗಾಳಿಗೆ 202 ಬೇಗ ತುಕ್ಕು ಹಿಡೀತದೆ. ಅಂಗಡಿಯವರು ಆಯಸ್ಕಾಂತ ಹಿಡಿದು ತೋರಿಸಿದ್ರೆ ನಕ್ಕು ಸುಮ್ಮನಾಗಿ, ಅದು ಎರಡಕ್ಕೂ ಗಟ್ಟಿಯಾಗಿ ಅಂಟುವುದಿಲ್ಲ.

ಎತ್ತರದ ವಿಷಯ. ಮರಗೆಲಸದ ಆಚಾರಿಗಳಿಗೆ ಅಳತೆ ಕೊಡದಿದ್ರೆ 30 ಇಂಚೇ ಮಾಡ್ತಾರೆ. ಐದಡಿ ಮೂರಿಂಚಿನವರಿಗೆ ಅದು ಎತ್ತರ, ದಿನವಿಡೀ ಹೆಗಲು ಎತ್ತಿಕೊಂಡೇ ಟೈಪ್ ಮಾಡ್ಬೇಕು. ಕುರ್ಚಿಯಲ್ಲಿ ಪಾದ ನೆಲಕ್ಕೆ ಪೂರ್ತಿ ತಾಗುವ ಹಾಗೆ ಕೂತು, ಮೊಣಕೈ ಮಡಚಿ, ನೆಲದಿಂದ ಮೊಣಕೈಯವರೆಗೆ ಅಳೆಸಿ. ಮೇಜಿನ ಮೇಲ್ಮೈ ಅದೇ. 26, 27 ಬಂದ್ರೆ ಆಚಾರಿ ನಗ್ತಾರೆ, ನಗಲಿ. ಆಗಲೇ 30ರ ಮೇಜು ಇದ್ರೆ ಕುರ್ಚಿ ಏರಿಸಿ, ಕಾಲಡಿಗೆ ಮೂರು ಇಂಚಿನ ಮಣೆ ಇಡಿ. ಮಾನಿಟರಿನ ಮೇಲಂಚು ಕಣ್ಣಿನ ಮಟ್ಟ, ದೂರ ಒಂದು ತೋಳು. ಕಿಟಕಿ ಪಕ್ಕಕ್ಕೆ ಬರಲಿ, ಬೆನ್ನಿಗೂ ಅಲ್ಲ, ಮುಖಕ್ಕೂ ಅಲ್ಲ.

ಕುರ್ಚಿ ಬಗ್ಗೆ ಹೆಚ್ಚು ಹೇಳ್ಲಿಕ್ಕೆ ಇಲ್ಲ. ಚರ್ಮದ ಹಾಗೆ ಕಾಣುವ ಪಿಯು ಬೇಡ. ತೇವಕ್ಕೆ ಆ ಪದರವೇ ಕರಗಿ, ಎರಡು ಮೂರು ಮಳೆಗಾಲದಲ್ಲಿ ಕಪ್ಪು ಹೊಟ್ಟು ಅಂಗಿಗೆಲ್ಲ ಅಂಟ್ತದೆ. ಬಲೆಯ ಬೆನ್ನು, ನೈಲಾನ್ ಕಾಲು. ಕಾವಿ ನೆಲದ ಮನೆಯವರು ಮೆತ್ತನೆಯ ಚಕ್ರ ಹಾಕಿಸಿ, ಗಟ್ಟಿ ಚಕ್ರ ಅಜ್ಜನ ಕಾಲದ ನೆಲದಲ್ಲಿ ಗೀರು ಹಾಕ್ತದೆ.

ಮೇಜು ಮರದ್ದೇ ಮಾಡಿಸುವುದಾದ್ರೆ ಪಾಲಿಶ್ ಪತ್ತನಾಜೆಗೆ, ಅಂದ್ರೆ ಮೇ ಕೊನೆಯ ವಾರಕ್ಕೆ, ಮೊದಲು ಮುಗಿಸಿ. ಮಳೆ ಶುರುವಾದ ಮೇಲೆ ಲ್ಯಾಕರ್ ಹೊಡೆದ್ರೆ ಗಾಳಿಯ ನೀರು ಅದರೊಳಗೆ ಸಿಕ್ಕಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗ್ತದೆ. ಆಚಾರಿಗಳು ಏಪ್ರಿಲ್‌ನಲ್ಲಿ ನಾಳೆ ಬರ್ತೇನೆ ಅಂತಾರೆ, ಜೂನ್‌ನಲ್ಲಿ ಬರ್ತಾರೆ. ಬಂದ್ರೂ ಪಾಲಿಶ್ ಡಬ್ಬಿ ತೆರೆಯಲಿಕ್ಕೆ ಬಿಡಬೇಡಿ. ಸೀಲರ್ ಮಾತ್ರ ಹೊಡೆಸಿ, ಉಳಿದದ್ದು ನವೆಂಬರ್‌ಗೆ.