ಕೆರೆ ಏರಿ ಮೇಲೆ ಏರೇ ಇಲ್ಲ

ಬೆಳಿಗ್ಗೆ ಐದೂವರೆ, ತುಮಕೂರು ಅಮಾನಿಕೆರೆ. ಈ ಏರಿ ನೋಡಿ, ಹೆಸರಿಗೆ ಏರಿ, ಆದ್ರೆ ಏರೇ ಇಲ್ಲ, ನೀರು ನಿಲ್ಸೋಕೆ ಕಟ್ಟಿದ್ದು ಅಂದ್ಮೇಲೆ ಮಟ್ಟವಾಗೇ ಇರ್ಬೇಕಲ್ವಾ, ಒಂದ್ಕಡೆ ತಗ್ಗಾದ್ರೆ ನೀರು ಅಲ್ಲೇ ಹರ್ಕೊಂಡು ಹೋಗುತ್ತೆ. ಮೂರು ತಿಂಗ್ಳು ಇಲ್ಲೇ ಓಡಿ ಓಡಿ ನಾನು ಭಾರೀ ಫಾಸ್ಟ್ ಅನ್ಕೊಂಡ್ಬಿಟ್ಟಿದ್ದೆ.

ಆಮೇಲೆ ಬೆಂಗ್ಳೂರಲ್ಲಿ ಒಂದು ಹಾಫ್ ಮ್ಯಾರಥಾನ್‌ಗೆ ಹೋದೆ. ಯಾವ್ದು ಅಂತ ಹೇಳಲ್ಲ, ಬಿಡಿ. ಪೋಸ್ಟರ್ ಮೇಲೆ 'ಫ್ಲಾಟ್ ಕೋರ್ಸ್' ಅಂತ ದಪ್ಪಕ್ಷರ, ಅಂದ್ರೆ ಓಡೋ ದಾರಿ ಪೂರ್ತಿ ಮಟ್ಟ ಅಂತ, ಕೆಳಗೆ ದಾರಿಯ ಎತ್ತರ ತೋರ್ಸೋ ಒಂದು ಗ್ರಾಫು, ಗೆರೆ ಎಳ್ದಂಗೆ ನೇರ. ಹದ್ನಾಲ್ಕನೇ ಕಿಲೋಮೀಟರ್‌ನಲ್ಲಿ ಫ್ಲೈಓವರ್ ಬಂತು ನೋಡಿ, ತೊಡೆ ಕಲ್ಲಾಗೋಯ್ತು, ಪಕ್ಕದಲ್ಲಿ ಒಬ್ರು ಆಂಟಿ ಆರಾಮಾಗಿ ನನ್ನ ದಾಟ್ಕೊಂಡು ಹೋದ್ರು, 'ನಿಧಾನ ಬಾಪ್ಪ' ಅಂತ ಬೇರೆ ಹೇಳಿದ್ರು.

ಮನೆಗೆ ಬಂದು ಆ ಗ್ರಾಫ್‌ನ ಜೂಮ್ ಮಾಡಿದ್ರೆ ಗೊತ್ತಾಯ್ತು, ಸ್ಕೇಲ್ ಸೊನ್ನೆಯಿಂದ ಸಾವಿರ ಮೀಟರ್‌ವರೆಗೂ ಇದೆ. ಬೆಂಗ್ಳೂರು ಇರೋದೇ 900 ಮೀಟರ್ ಎತ್ತರದಲ್ಲಿ, ಅದ್ರ ಮೇಲೆ ಇಪ್ಪತ್ತು ಮೀಟರ್ ಹತ್ತಿಳಿಯೋದು ಆ ಚಿತ್ರದಲ್ಲಿ ಕೂದ್ಲೆಳೆಯಷ್ಟೂ ಕಾಣಲ್ಲ. ಶುರುವಾದ ಜಾಗಕ್ಕೇ ವಾಪಸ್ ಬಂದ್ರೆ ಹತ್ತಿದ್ದೂ ಇಳಿದಿದ್ದೂ ಸಮ, ಸರಿ, ಆದ್ರೆ ಏರಲ್ಲಿ ಕಳ್ಕೊಂಡ ಟೈಮು ಇಳಿಜಾರಲ್ಲಿ ಪೂರ್ತಿ ವಾಪಸ್ ಬರಲ್ಲ ಕಣ್ರೀ. ಅದಕ್ಕೆ ಕೋರ್ಸ್ ನೋಡೋವಾಗ ಒಟ್ಟು ಎಷ್ಟು ಮೀಟರ್ ಹತ್ತೋದಿದೆ ಅಂತ ಕೇಳಿ, ಎಷ್ಟನೇ ಕಿಲೋಮೀಟರ್‌ನಲ್ಲಿ ಅಂತಾನೂ ಕೇಳಿ. ಮುಂಬೈನಲ್ಲಿ ಫುಲ್ ಮ್ಯಾರಥಾನ್ ಓಡೋರು ಪೆಡ್ಡರ್ ರೋಡ್ ಅಂದ್ರೆ ಯಾಕೆ ಬೈತಾರೆ? ಕಾಲು ಸೋತ್ಮೇಲೆ ಬರೋ ಏರು ಅದು.

ಹಂಗಂತ ಇಳಿಜಾರು ಇದ್ರೆ ಲಾಟ್ರಿ ಅಂತಾನೂ ಅಲ್ಲ. ಅಮೆರಿಕದ ಬಾಸ್ಟನ್ ಮ್ಯಾರಥಾನ್ ಕೋರ್ಸ್ ಶುರುವಿಂದ ಕೊನೆಗೆ ನೂರು ಮೀಟರ್‌ಗಿಂತ ಜಾಸ್ತಿ ಇಳಿಯುತ್ತೆ, 2011ರಲ್ಲಿ ಕೀನ್ಯಾದ ಜೆಫ್ರಿ ಮುಟಾಯ್ ಅಲ್ಲಿ 2:03:02ಕ್ಕೆ ಮುಗಿಸಿದ್ರು, ಆಗಿನ ವಿಶ್ವದಾಖಲೆಗಿಂತ ಫಾಸ್ಟು, ಆದ್ರೂ ದಾಖಲೆ ಅಂತ ಒಪ್ಲಿಲ್ಲ. ದಾಖಲೆ ಆಗ್ಬೇಕಂದ್ರೆ ಶುರುವಿಂದ ಕೊನೆಗೆ ಸರಾಸರಿ ಕಿಲೋಮೀಟರ್‌ಗೆ ಒಂದು ಮೀಟರ್‌ಗಿಂತ ಜಾಸ್ತಿ ಇಳಿಯಂಗಿಲ್ಲ ಅನ್ನೋದು ರೂಲು. ಮಜಾ ಅಂದ್ರೆ ಅಷ್ಟು ಇಳಿಯೋ ಕೋರ್ಸ್‌ನಲ್ಲೇ ಹಾರ್ಟ್‌ಬ್ರೇಕ್ ಹಿಲ್ ಅಂತ ಒಂದು ಏರು ಕೂತಿದೆ, ಅದೂ ಮೂವತ್ತು ಕಿಲೋಮೀಟರ್ ದಾಟಿದ್ಮೇಲೆ, ಅಷ್ಟೊತ್ತಿಗೆ ಇಳಿದೂ ಇಳಿದೂ ತೊಡೆ ಜಜ್ಜಿಹೋಗಿರುತ್ತೆ. ನಿಜವಾದ ಫ್ಲಾಟ್ ಬೇಕಂದ್ರೆ ಬರ್ಲಿನ್, 2022ರಲ್ಲಿ ಕೀನ್ಯಾದ ಕಿಪ್ಚೋಗೆ 2:01:09ಕ್ಕೆ ಓಡಿ ಆಗಿನ ವಿಶ್ವದಾಖಲೆ ಮಾಡಿದ್ದು ಅಲ್ಲೇ.

ನಮ್ಗೆ ಬರ್ಲಿನ್ ಎಲ್ಲಿಂದ ಬರುತ್ತೆ, ದೇವರಾಯನದುರ್ಗ ಇದೆಯಲ್ಲ. ಈ ವಾರದಿಂದ ಭಾನುವಾರ ಏರಿ ಬಂದ್, ಬೆಟ್ಟದ ರೋಡೇ. ಮೊದಲ್ನೇ ತಿರುವಲ್ಲೇ ನಡೆಯೋಕೆ ಶುರು ಮಾಡ್ತೀನಿ ನೋಡ್ತಾ ಇರಿ, ಅದನ್ನೂ ಎಡಿಟ್ ಮಾಡ್ದೆ ಹಾಕ್ತೀನಿ. ವಾಪಸ್ ಬರ್ತಾ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ, ಅದು ಮಾತ್ರ ಪಕ್ಕಾ ಫ್ಲಾಟು.