ಪೈಪ್ ಹಾಕಿ ಎಳೆಯಬೇಡಿ

ಎಲ್ಲರಿಗೂ ನಮಸ್ಕಾರ. ಕಾರಿಗೆ ಹೊಸ ಎಕ್ಸಾಸ್ಟ್ ಹೆಡರ್, ಅಂದರೆ ಎಂಜಿನ್‌ನಿಂದ ಹೊಗೆ ಹೊರಗೆ ತರುವ ಪೈಪುಗಳ ಸೆಟ್ ಹಾಕುವ ವಿಡಿಯೊಗಳನ್ನು ನೀವು ಬೇಕಾದಷ್ಟು ನೋಡಿರುತ್ತೀರಿ. ಬಾನೆಟ್ ತೆಗೆಯುತ್ತಾರೆ, ಅದೇ ಕೆಲಸದ ಹಳೇ ಕಂಪನಿ ಭಾಗ, ಮ್ಯಾನಿಫೋಲ್ಡ್ ತೋರಿಸುತ್ತಾರೆ. ಮುಂದಿನ ಶಾಟ್‌ನಲ್ಲಿ ಹೊಸ ಹೆಡರ್ ಫಳಫಳ ಅಂತ ಕೂತಿರುತ್ತದೆ. ಆಮೇಲೆ ಬರೀ ಸೌಂಡು. ನಡುವೆ ಕಟ್ ಮಾಡಿದ್ದರಲ್ಲಿ ಏನಿತ್ತು? ತುಕ್ಕು ಹಿಡಿದ ಬೋಲ್ಟ್ ಇತ್ತು. ಮನೆಯಲ್ಲಿ ಈ ಕೆಲಸಕ್ಕೆ ಕೈ ಹಾಕುವ ಹುಡುಗರು ಸಿಕ್ಕಿಬೀಳುವುದು ಅಲ್ಲೇ. ಅದನ್ನೇ ಎಡಿಟ್‌ನಲ್ಲಿ ಬಿಸಾಕುತ್ತಾರೆ. ನನಗೆ ನಿಜವಾಗಿಯೂ ಸಿಟ್ಟು ಬರುವುದು ಇದಕ್ಕೆ.

ನಮ್ಮ ದಾವಣಗೆರೆಯಲ್ಲಿ ಇದು ಹೇಗೆ ನಡೆಯುತ್ತದೆ ಅಂತ ನಿಮಗೂ ಗೊತ್ತು. ಭಾನುವಾರ ಸಂಜೆ, ಮನೆ ಮುಂದೆ ಕಾರು ಜಾಕ್ ಮೇಲಿದೆ. ನಾಲ್ಕು ಜನ ಗೆಳೆಯರು ಮಂಡಕ್ಕಿ, ಮೆಣಸಿನಕಾಯಿ ಹಿಡಿದುಕೊಂಡು ಸುತ್ತ ನಿಂತಿದ್ದಾರೆ. ಒಂದು ಬೋಲ್ಟ್ ಅಲ್ಲಾಡುತ್ತಿಲ್ಲ. ಆಗ ಯಾರೋ ಒಬ್ಬ ಹೇಳುತ್ತಾನೆ: "ಸ್ಪ್ಯಾನರ್‌ಗೆ ಪೈಪ್ ಹಾಕಿ ಒಂದ್ಸಲ ಎಳಿ ಮಾರಾಯ, ಏನೂ ಆಗಲ್ಲ." ದಯವಿಟ್ಟು ಆ ಮಾತು ಕೇಳಬೇಡಿ.

ಸ್ವಲ್ಪ ಲೆಕ್ಕ ನೋಡಿ. ಮ್ಯಾನಿಫೋಲ್ಡ್‌ನಲ್ಲಿ ಸಾಮಾನ್ಯವಾಗಿ ಸಿಗುವುದು 8 ಎಂಎಂ ಥ್ರೆಡ್‌ನ ಬೋಲ್ಟ್. ಅದನ್ನು ಕಟ್ಟುವ ಬಿಗಿ ಸುಮಾರು 25 ನ್ಯೂಟನ್ ಮೀಟರ್ (ತಿರುಗಿಸುವ ಬಲವನ್ನು ಅಳೆಯುವುದು ಇದರಲ್ಲೇ). ಒಂದು ಮೀಟರ್ ಪೈಪ್ ಸಿಕ್ಕಿಸಿ ಅದರ ತುದಿಗೆ 20 ಕೆಜಿ ಭಾರ ಬಿಟ್ಟರೆ ಹತ್ತಿರ ಹತ್ತಿರ 200 ನ್ಯೂಟನ್ ಮೀಟರ್ ಆಗುತ್ತದೆ. ಎಂಟು ಪಟ್ಟು! ಬೋಲ್ಟ್ ಇನ್ನೇನು ಮಾಡೀತು? ಮುರಿಯುತ್ತದೆ. ಅರ್ಧ ನಿಮ್ಮ ಕೈಯಲ್ಲಿ, ಅರ್ಧ ಎಂಜಿನ್‌ನ ಮೇಲ್ಭಾಗವಾದ ಸಿಲಿಂಡರ್ ಹೆಡ್ ಒಳಗೆ. ಎಂಜಿನ್ ಬೆಲ್ಟ್ ತಿರುಗಿಸುವ ಕ್ರ್ಯಾಂಕ್ ಪುಲಿಯ ಬೋಲ್ಟ್‌ನ ಕಥೆ ಬೇರೆ. ಅದು ದಪ್ಪ, ಅದನ್ನು ಕಟ್ಟಿರುವುದೇ ಜೋರಾಗಿ. ಅಲ್ಲಿ ಉದ್ದ ರಾಡ್ ಬೇಕು. ಎಕ್ಸಾಸ್ಟ್ ಬೋಲ್ಟ್‌ಗೆ ಬೇಡ.

ಎಕ್ಸಾಸ್ಟ್ ಬೋಲ್ಟ್ ಯಾಕೆ ಹಿಡಿದುಕೊಂಡಿದೆ ಅನ್ನುವುದನ್ನು ಮೊದಲು ಯೋಚಿಸಿ. ಗಾಡಿ ಜೋರಾಗಿ ಓಡಿದಾಗ ಪೆಟ್ರೋಲ್ ಎಂಜಿನ್‌ನ ಹೊಗೆಯ ಬಿಸಿ 700 ಡಿಗ್ರಿ ದಾಟುತ್ತದೆ. ನಿಲ್ಲಿಸಿದರೆ ತಣ್ಣಗಾಗುತ್ತದೆ. ವರ್ಷಗಟ್ಟಲೆ ಇದೇ ನಡೆದು ಥ್ರೆಡ್‌ನಲ್ಲಿ ತುಕ್ಕು ಕಟ್ಟುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಜಾಸ್ತಿ ಜಾಗ ಬೇಕು. ಜಾಗವೇ ಇಲ್ಲದ ಕಡೆ ಅದು ಉಬ್ಬಿ ಬೋಲ್ಟ್‌ನ್ನು ಒತ್ತಿ ಹಿಡಿಯುತ್ತದೆ. ಹಾಗಾಗಿ ನಾವು ಬಿಡಿಸಬೇಕಾಗಿರುವುದು ತುಕ್ಕನ್ನು. ಅದಕ್ಕೆ ಬೇಕಾದ್ದು ಎಣ್ಣೆ, ಪೆಟ್ಟು, ಬಿಸಿ, ಮತ್ತೆ ಟೈಮು.

ಪೆನೆಟ್ರೇಟಿಂಗ್ ಆಯಿಲ್ (ತುಕ್ಕಿನ ಸಂದಿಗೆ ಇಳಿಯುವ ತೆಳು ಎಣ್ಣೆ) ಹಾಕಿ ಐದು ನಿಮಿಷಕ್ಕೆ ಸ್ಪ್ಯಾನರ್ ಎತ್ತಿಕೊಂಡರೆ ಎಣ್ಣೆ ದಂಡ. ಹಿಂದಿನ ರಾತ್ರಿಯೇ ಹಾಕಿ, ಬೆಳಗ್ಗೆ ಮತ್ತೊಮ್ಮೆ ಹಾಕಿ. ಬೋಲ್ಟ್‌ನ ತಲೆಗೆ ಸಣ್ಣ ಸುತ್ತಿಗೆಯಿಂದ ಟಕ್ ಟಕ್ ಅಂತ ನೇರವಾಗಿ ಹೊಡೆಯಿರಿ. ಆ ಅದುರಿಗೆ ತುಕ್ಕು ಬಿರುಕು ಬಿಟ್ಟು ಎಣ್ಣೆ ಒಳಗಿಳಿಯುತ್ತದೆ. ಸಾಕೆಟ್ ಆರು ಮೂಲೆಯದ್ದೇ ಇರಲಿ. ಹನ್ನೆರಡು ಮೂಲೆಯದ್ದು ತುಕ್ಕು ತಿಂದ ತಲೆಯ ಮೇಲೆ ಸುಲಭವಾಗಿ ಸ್ಲಿಪ್ ಆಗುತ್ತದೆ. ತಲೆ ರೌಂಡ್ ಆದರೆ ಮುಗೀತು, ಹಿಡಿಯಲು ಏನೂ ಉಳಿಯುವುದಿಲ್ಲ.

ಮೊದಲು ಚೂರೇ ಚೂರು ಬಿಗಿ ಮಾಡುವ ಕಡೆಗೆ ತಿರುಗಿಸಿ. ಹೌದು, ಬಿಗಿ ಮಾಡುವ ಕಡೆಗೇ. ತುಕ್ಕಿನ ಹಿಡಿತ ಎಷ್ಟೋ ಸಲ ಆಗಲೇ ಬಿಡುತ್ತದೆ. ಆಮೇಲೆ ಬಿಚ್ಚುವ ಕಡೆಗೆ ಕಾಲು ಸುತ್ತು, ವಾಪಸ್ ಸ್ವಲ್ಪ, ಮತ್ತೆ ಎಣ್ಣೆ. ಇಲ್ಲಿ ಕೈ, ಕಿವಿ ಎರಡೂ ಎಚ್ಚರ ಇರಲಿ. ಕಿರ್ರ್ ಅಂತ ಸದ್ದು ಮಾಡಿಕೊಂಡು ತಿರುಗಿದರೆ ಒಳ್ಳೆಯದು, ಬಿಡುತ್ತಿದೆ ಅಂತ ಅರ್ಥ. ಸದ್ದೇ ಇಲ್ಲದೆ ಮೆತ್ತಗೆ, ರಬ್ಬರ್ ಥರ ತಿರುಗಿದರೆ ತಕ್ಷಣ ನಿಲ್ಲಿಸಿ. ತಿರುಗುತ್ತಿರುವುದು ಥ್ರೆಡ್ ಅಲ್ಲ, ಬೋಲ್ಟೇ ತಿರುಚಿಕೊಳ್ಳುತ್ತಿದೆ. ಇನ್ನೊಂದು ಚೂರು ಎಳೆದರೆ ತುಂಡು. ಈ ವ್ಯತ್ಯಾಸವನ್ನು ಕ್ಯಾಮೆರಾ ಮುಂದೆ ತೋರಿಸಿ, ಸದ್ದು ಕೇಳಿಸಿ ಅಂತ ವಿಡಿಯೊ ಮಾಡುವ ನನ್ನ ಗೆಳೆಯರನ್ನು ಕೇಳಿಕೊಳ್ಳುತ್ತೇನೆ. ಹೆಡರ್‌ನ ಸೌಂಡಿಗಿಂತ ಇದು ನೂರು ಪಾಲು ಉಪಯೋಗ.

ಅದಕ್ಕೂ ಬಗ್ಗದಿದ್ದರೆ ಬಿಸಿ ಮಾಡಬೇಕು. ನಟ್ಟನ್ನು ಬಿಸಿ ಮಾಡಿದರೆ ಅದು ಹಿಗ್ಗಿ ಸ್ಟಡ್‌ನಿಂದ (ತಲೆಯಿಲ್ಲದ ಬೋಲ್ಟ್‌ನಿಂದ) ಸಡಿಲ ಆಗುತ್ತದೆ. ಬಿಸಿ ನಟ್ಟಿಗೆ ಮೇಣದಬತ್ತಿ ಮುಟ್ಟಿಸಿದರೆ ಕರಗಿದ ಮೇಣ ಥ್ರೆಡ್ ಒಳಗೆ ಇಳಿಯುತ್ತದೆ. ಆದರೆ ಈಗಿನ ಕಾರುಗಳಲ್ಲಿ ಹೆಡ್ ಅಲ್ಯೂಮಿನಿಯಂದು. ಅದು ಕಬ್ಬಿಣದ ಹಾಗೆ ಕೆಂಪಗಾಗಿ ಎಚ್ಚರಿಕೆ ಕೊಡುವುದಿಲ್ಲ. 660 ಡಿಗ್ರಿ ತಲುಪುವ ಮೊದಲೇ ಸೀದಾ ಕರಗುತ್ತದೆ. ಗಟ್ಟಿತನ ಅದಕ್ಕೂ ಎಷ್ಟೋ ಮೊದಲೇ ಹೋಗಿರುತ್ತದೆ. ಹಾಗಾಗಿ ಬೆಂಕಿ ಒಂದೇ ಕಡೆ ನಿಲ್ಲಬಾರದು. ಹಚ್ಚುವ ಮೊದಲು ಎಣ್ಣೆಯನ್ನೆಲ್ಲಾ ಒರೆಸಿ. ಪೆಟ್ರೋಲ್ ಪೈಪ್ ಎಲ್ಲಿ ಹೋಗುತ್ತದೆ ನೋಡಿಕೊಳ್ಳಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇರಲಿ. ಬ್ರೇಕ್ ಕ್ಲೀನರ್ ಹಾಕಿದ ಜಾಗಕ್ಕೆ ಬೆಂಕಿಯಾಗಲಿ, ವೆಲ್ಡಿಂಗ್ ಆಗಲಿ ಬೇಡವೇ ಬೇಡ. ಕ್ಲೋರಿನ್ ಇರುವ ಕ್ಲೀನರ್ ಬಿಸಿಯಾದರೆ ಫಾಸ್ಜೀನ್ ಅನ್ನುವ ವಿಷದ ಗಾಳಿ ಹುಟ್ಟುತ್ತದೆ. ಅದು ಜೀವ ತೆಗೆಯುತ್ತದೆ.

ಇಷ್ಟೆಲ್ಲಾ ಆದ ಮೇಲೂ ಮುರಿದರೆ? ಆಗ ಒಂದು ಕೆಲಸ ಮಾಡಬೇಡಿ. ಮುರಿದ ಬೋಲ್ಟ್ ತೆಗೆಯುವ ಅಗ್ಗದ ಎಕ್ಸ್‌ಟ್ರಾಕ್ಟರ್ ತಂದು ಒಳಗೆ ತುರುಕಬೇಡಿ. ಅದು ತುಂಬಾ ಗಟ್ಟಿ ಉಕ್ಕು. ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ. ಸ್ಪ್ಯಾನರ್ ಕೆಳಗಿಟ್ಟು ಒಳ್ಳೆಯ ಲೇತ್ ಅಂಗಡಿಯವರನ್ನೋ ವೆಲ್ಡರನ್ನೋ ಕೇಳಿ. ಪಕ್ಕದ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಯಂತ್ರಗಳನ್ನೇ ತಯಾರಿಸುತ್ತಿತ್ತು. ದಾವಣಗೆರೆ ಒಂದು ಕಾಲಕ್ಕೆ ಹತ್ತಿ ಗಿರಣಿಗಳ ಊರಾಗಿತ್ತು. ಕಬ್ಬಿಣದ ಕೆಲಸ ನಮ್ಮ ಕಡೆ ಹೊಸದೇನಲ್ಲ. ಮುರಿದ ತುಂಡಿನ ಮೇಲೆ ನಟ್ ಇಟ್ಟು ವೆಲ್ಡ್ ಮಾಡುವುದು ಹಳೇ ವಿದ್ಯೆ. ವೆಲ್ಡಿಂಗ್ ಬಿಸಿ ತುಕ್ಕನ್ನು ಬಿಡಿಸುತ್ತದೆ, ನಟ್ ಹೊಸ ತಲೆಯಾಗುತ್ತದೆ. ವೆಲ್ಡಿಂಗ್‌ಗೂ ಮೊದಲು ಬ್ಯಾಟರಿ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಕನೆಕ್ಷನ್ ಬಿಚ್ಚಿಡಿ. ಗೆಳೆಯರ ಮುಂದೆ ಮರ್ಯಾದೆ ಹೋಗುತ್ತದೆ ಅಂತ ಎಷ್ಟೋ ಜನ ಆ ಅಂಗಡಿಗೆ ಹೋಗುವುದೇ ಇಲ್ಲ. ಹೆಡ್ ಹಾಳಾದರೆ ಎಷ್ಟು ದುಡ್ಡು ಹೋಗುತ್ತದೆ ಗೊತ್ತಲ್ವಾ?

ಇನ್ನೊಂದು ಮಾತು, ಬೇಗ ಹೇಳಿಬಿಡುತ್ತೇನೆ. ಹೊಗೆಯ ವಿಷ ಕಮ್ಮಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಮ್ಯಾನಿಫೋಲ್ಡ್‌ನಲ್ಲೇ ಇರುವ ಕಾರಾದರೆ ಅದನ್ನು ಕಿತ್ತುಹಾಕಬೇಡಿ. ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಾಯಿಸುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಏನೇ ಹಾಕುವುದಿದ್ದರೂ ಆರ್‌ಟಿಒದಲ್ಲಿ ಕೇಳಿಕೊಂಡು ಮುಂದುವರಿಯಿರಿ.

ಹಳೇ ಬೋಲ್ಟ್ ಬಂತು ಅಂತ ಅದನ್ನೇ ವಾಪಸ್ ಹಾಕಬೇಡಿ. ಹೊಸದು ತನ್ನಿ. ಥ್ರೆಡ್‌ಗೆ ಬಿಸಿ ತಡೆಯುವ ಆಂಟಿ-ಸೀಜ್ (ಬೋಲ್ಟ್ ಮತ್ತೆ ಹಿಡಿದುಕೊಳ್ಳದಂತೆ ಮಾಡುವ ಪೇಸ್ಟ್) ತೆಳ್ಳಗೆ ಸವರಿ. ಜಾರುವ ಥ್ರೆಡ್ ಅಷ್ಟೇ ಟಾರ್ಕ್‌ಗೆ (ತಿರುಗಿಸುವ ಬಲಕ್ಕೆ) ಜಾಸ್ತಿ ಬಿಗಿಯಾಗುತ್ತದೆ, ಅದಕ್ಕೆ ಟಾರ್ಕ್ ಸ್ವಲ್ಪ ಕಮ್ಮಿ ಇಡಿ. ಆ ಬಲ ಅಳೆದು ತೋರಿಸುವ ಟಾರ್ಕ್ ರೆಂಚ್ ಇಲ್ಲದಿದ್ದರೆ ಯಾರ ಹತ್ತಿರವಾದರೂ ಒಂದು ದಿನಕ್ಕೆ ಇಸ್ಕೊಳ್ಳಿ. ನಡುವಿನ ಬೋಲ್ಟ್‌ನಿಂದ ಶುರು ಮಾಡಿ ಎರಡೂ ಕಡೆಗೆ ಸಾಗಿ. ಆಮೇಲೆ ಹೈವೇ ಹಿಡಿದು ಚಿತ್ರದುರ್ಗದವರೆಗೆ ಹೋಗಿ ಬನ್ನಿ. ಎಂಜಿನ್ ಪೂರ್ತಿ ತಣ್ಣಗಾಗಲಿ. ಆಗ ಒಂದೊಂದೇ ಬೋಲ್ಟ್‌ಗೆ ಇನ್ನೊಮ್ಮೆ ಟಾರ್ಕ್ ಚೆಕ್ ಮಾಡಿ.