ಸ್ಟೀರಿಂಗ್ ಪಕ್ಕದ ಗೇರ್ ಸರಿಮಾಡಲು ಹೋಗಿ ಒಡೆದು ಕೂತೆ

ಈ ಲಿವರ್ ನೋಡಿ. ಗಾಡಿ ನ್ಯೂಟ್ರಲ್‌ನಲ್ಲಿ ನಿಂತಿದೆ, ಲಿವರ್ ಮಾತ್ರ ಗಾಳಿ ಇಲ್ಲದ ದಿನದ ಬಾವುಟದ ಹಾಗೆ ಜೋತು ಬಿದ್ದಿದೆ. ಒಂದೇ ಬೆರಳಲ್ಲಿ ಆಡಿಸುತ್ತಿದ್ದೇನೆ. ಅಂಗೈ ಅಗಲದಷ್ಟು ಆಡುತ್ತಿದೆ, ಕೆಳಗೆ ಗೇರ್‌ಬಾಕ್ಸ್‌ಗೆ ಸುದ್ದಿಯೇ ಹೋಗಿಲ್ಲ. ಎರಡು ವರ್ಷ ಹೀಗೇ ಓಡಿಸಿದೆ. ಗೇರ್‌ಬಾಕ್ಸ್ ಹೋಗಿದೆ, ಇಳಿಸಬೇಕು ಅಂತ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ಗೇರ್‌ಬಾಕ್ಸ್‌ಗೆ ಏನೂ ಆಗಿರಲಿಲ್ಲ, ಪಾಪ.

ಕ್ಯಾಮೆರಾ ಹಿಡಿದಿರುವುದು ನನ್ನ ತಮ್ಮ. ನಡುನಡುವೆ ಅವನ ಧ್ವನಿ ಕೇಳಿಸುತ್ತದೆ. ಎರಡು ಕಡೆ ನಾನೇ ಕಟ್ ಮಾಡಿದ್ದೇನೆ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಗಾಡಿ 1964ರದು. ಮೂರು ಗೇರ್, ಒಂದು ರಿವರ್ಸ್. ನಿಮ್ಮ ಕಡೆಗೆ ಎಳೆದು ಮೇಲೆತ್ತಿದರೆ ರಿವರ್ಸ್, ಎಳೆದು ಕೆಳಗೆ ತಂದರೆ ಒಂದು. ಆಚೆ ಬಿಟ್ಟು ಮೇಲಕ್ಕೆ ಎರಡು, ಅಲ್ಲಿಂದ ನೇರ ಕೆಳಕ್ಕೆ ಮೂರು. ಅಂಬಾಸಡರ್, ಪದ್ಮಿನಿ ಓಡಿಸಿದವರಿಗೆ ಈ ಹ್ಯಾಂಡ್ ಗೇರ್ ಹೊಸದೇನಲ್ಲ, ಅವುಗಳಲ್ಲಿ ಇನ್ನೊಂದು ಗೇರ್ ಜಾಸ್ತಿ, ಅಷ್ಟೇ.

ಸ್ಟೀರಿಂಗ್ ವೀಲ್ ತೆಗೆಯುವುದನ್ನು ನೀವೇ ನೋಡುತ್ತಿದ್ದೀರಿ, ಅದನ್ನು ಬಾಯಲ್ಲಿ ಬೇರೆ ಹೇಳುವುದಿಲ್ಲ. ಒಂದೇ ಮಾತು. ನಟ್ ಪೂರ್ತಿ ಬಿಚ್ಚಬೇಡಿ, ಎರಡು ಮೂರು ಎಳೆ ಉಳಿಸಿಕೊಂಡು ಆಮೇಲೆ ಪುಲ್ಲರ್, ಅಂದರೆ ವೀಲನ್ನು ಎಳೆದು ಬಿಡಿಸುವ ಸಾಧನ, ಹಾಕಿ. ಪೂರ್ತಿ ಬಿಚ್ಚಿ ಎರಡೂ ಕೈಯಲ್ಲಿ ಹಿಡಿದು ಎಳೆದರೆ, ಅಷ್ಟು ವರ್ಷ ಅಲುಗಾಡದ ವೀಲ್ ಒಂದು ಕ್ಷಣದಲ್ಲಿ ಬಿಟ್ಟುಕೊಂಡು ನೇರ ಮೂಗಿಗೆ ಬರುತ್ತದೆ. ಮೂಗು ನನ್ನದೇ ಆಗಿತ್ತು, ಬೇರೆ ಗಾಡಿಯಲ್ಲಿ.

ಇಲ್ಲಿ ಹಳೆ ಗ್ರೀಸ್ ಕೆರೆಯುತ್ತಿದ್ದೇನೆ. ಗ್ರೀಸ್ ಅಲ್ಲ ಇದು, ಮೇಣ. ಶಾಟ್ ಉದ್ದ ಇದೆ, ಅಷ್ಟರಲ್ಲಿ ಒಂದು ವಿಷಯ ಹೇಳಿಬಿಡುತ್ತೇನೆ. ಗೇರ್ ಲಿವರನ್ನು ನೆಲದಿಂದ ಕಿತ್ತು ಸ್ಟೀರಿಂಗ್‌ಗೆ ಯಾಕೆ ಕಟ್ಟಿದರು? ಅಮೆರಿಕದ ಕಂಪನಿಗಳು 1938-39ರ ಸುಮಾರಿಗೆ ಇದನ್ನು ಹಿಡಿದುಕೊಂಡವು. ಮುಂದೆ ಒಂದೇ ಉದ್ದ ಸೀಟು, ಅದರಲ್ಲಿ ಮೂರು ಜನ. ನಡುವೆ ಕೂತವರ ಮಂಡಿಗಳ ಮಧ್ಯೆ ಲಿವರ್ ಇದ್ದರೆ ಎರಡನೇ ಗೇರ್ ಹಾಕುವಾಗೆಲ್ಲ ಕ್ಷಮೆ ಕೇಳಬೇಕು. ಸರಿ, ನೆಲ ಖಾಲಿಯಾಯಿತು. ಆದರೆ ಅದಕ್ಕಾಗಿ ಇಷ್ಟು ಕಡ್ಡಿ, ಇಷ್ಟು ಕೀಲು, ಕೀಲಿನ ತೂತಿಗೆ ಕೂರಿಸುವ ಬಳೆ, ಇಷ್ಟು ಬುಷ್? ನನ್ನ ಪ್ರಕಾರ ಇದು ಮೂರ್ಖ ಯೋಚನೆ. ಬರೆದಿಟ್ಟುಕೊಳ್ಳಿ. ಅದೂ 1979ರವರೆಗೆ ಅವರ ಕಾರುಗಳಲ್ಲಿ, ಪಿಕಪ್‌ಗಳಲ್ಲಿ 1987ರವರೆಗೆ ಉಳಿದುಕೊಂಡಿತು ಅಂದರೆ… ಆಯ್ತು, ಶಾಟ್ ಮುಗಿಯಿತು, ಕಾಲಂ, ಅಂದರೆ ಸ್ಟೀರಿಂಗ್ ಕಂಬ, ಹೊರಗೆ ಬಂತು.

ಬೆಂಚ್ ಮೇಲೆ ಇಟ್ಟರೆ ಸರಿಯಾಗಿ ಕಾಣುತ್ತದೆ. ಸ್ಟೀರಿಂಗ್ ಶಾಫ್ಟ್ ಒಳಗೆ, ಅದರ ಸುತ್ತ ಒಂದು ಟ್ಯೂಬ್. ಲಿವರನ್ನು ನಿಮ್ಮ ಕಡೆ ಎಳೆದಾಗ ಟ್ಯೂಬ್ ಉದ್ದುದ್ದ ಸರಿಯುತ್ತದೆ. ಮೇಲೆ ಕೆಳಗೆ ಮಾಡಿದಾಗ ಟ್ಯೂಬ್ ತಿರುಗುತ್ತದೆ. ತುದಿಯಲ್ಲಿ ಎರಡು ಪುಟ್ಟ ತೋಳುಗಳಿವೆ, ಒಂದು ರಿವರ್ಸ್-ಒಂದಕ್ಕೆ, ಇನ್ನೊಂದು ಎರಡು-ಮೂರಕ್ಕೆ. ಸರಿದಾಗ ಯಾವ ತೋಳು ಅಂತ ಆರಿಸಿಕೊಳ್ಳುತ್ತದೆ, ತಿರುಗಿದಾಗ ಆ ತೋಳು ತನ್ನ ರಾಡನ್ನು ತಳ್ಳುತ್ತದೆ ಅಥವಾ ಎಳೆಯುತ್ತದೆ, ಆ ರಾಡ್ ಗೇರ್‌ಬಾಕ್ಸ್ ಪಕ್ಕದ ತೋಳನ್ನು. ಈಗ ಎಣಿಸಿ. ಲಿವರ್ ಪಿನ್ ಒಂದು, ಕಾಲಂ ಬುಷ್, ಎರಡು ರಾಡ್‌ಗಳ ನಾಲ್ಕು ತುದಿ. ಒಂದೊಂದರಲ್ಲೂ ಕೂದಲೆಳೆಯಷ್ಟು ಸವೆತ. ಎಲ್ಲ ಸೇರಿ ಮೇಲೆ ಲಿವರ್ ತುದಿಯ ಗುಬ್ಬಿಯ ಹತ್ತಿರ ಅಂಗೈ ಅಗಲ.

ಈಗ ಆ ಭಾಗ. ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇದು ನನಗೆ ಇನ್ನೂ ಜೀರ್ಣವಾಗಿಲ್ಲ.

ಲಿವರ್, ಕಾಲಂ ಮೇಲ್ತುದಿಯ ಕವಚಕ್ಕೆ, ಅಂದರೆ ಹೌಸಿಂಗ್‌ಗೆ ಒಂದು ಸಣ್ಣ ಪಿನ್‌ನಲ್ಲಿ ಸಿಕ್ಕಿಕೊಂಡಿರುತ್ತದೆ. ಕಿರುಬೆರಳ ಉಗುರಿನಷ್ಟು ಪಿನ್. ಅದನ್ನು ಪಂಚ್ ಇಟ್ಟು ಹೊಡೆದು ತೆಗೆಯಬೇಕು. ಹೊಡೆದೆ. ಬರಲಿಲ್ಲ. ಎಣ್ಣೆ ಬಿಟ್ಟೆ, ಒಂದು ರಾತ್ರಿ ಕಾದೆ, ಮತ್ತೆ ಹೊಡೆದೆ. ಬರಲಿಲ್ಲ. ಇಲ್ಲಿ ಕೇಳಿ, ತಮ್ಮನ ಧ್ವನಿ ಸ್ಪಷ್ಟವಾಗಿದೆ: "ಅಣ್ಣಾ, ಕೆಳಗೆ ಒಂದು ಮರದ ತುಂಡು ಇಡು." ನಾನು ಏನು ಹೇಳಿದೆ? "ನೀನು ಕ್ಯಾಮೆರಾ ನೋಡ್ಕೋ." ಆಮೇಲೆ ದೊಡ್ಡ ಸುತ್ತಿಗೆ ತಗೊಂಡೆ. ಒಂದೇ ಏಟು. ಆ ಸದ್ದು ಕೇಳಿದಿರಾ? ಠಣ್ ಅಂತ ಬರಬೇಕಿತ್ತು, ಟಕ್ ಅಂತ ಬಂತು. ಬಿಸ್ಕತ್ ಮುರಿದ ಹಾಗೆ. ಹೌಸಿಂಗ್ ಪಿನ್ ತೂತಿನಿಂದ ಕಂಠದವರೆಗೆ ಸೀಳು.

ಇದು ಉಕ್ಕು ಅಲ್ಲ ಅಂತ ನನಗೆ ಗೊತ್ತಿತ್ತು, ಅದೇ ನೋವು. ಸತುವಿನ ಎರಕ. ಆ ಕಾಲದ ಸ್ಟೀರಿಂಗ್ ಹೌಸಿಂಗ್, ಬಾಗಿಲ ಹಿಡಿ, ಮುಂದಿನ ಚಿಹ್ನೆ, ಹೊಳೆಯುವುದೆಲ್ಲ ಬಹುಪಾಲು ಇದೇ. ಅಚ್ಚಿಗೆ ಸುಲಭ, ಏಟಿಗೆ ಆಗದು. ಆಮೇಲೆ ತಿರುಗಿಸಿ ನೋಡಿದರೆ ಪಿನ್‌ನ ಒಂದು ತುದಿಯಲ್ಲಿ ಸಣ್ಣ ಗೀರುಗಳಿವೆ, ಬಿಗಿಯಾಗಿ ಕೂರಲಿ ಅಂತ. ಅಂದರೆ ಅದು ಒಂದೇ ದಿಕ್ಕಿಗೆ ಬರುವುದು. ನಾನು ಎರಡು ದಿನ ಉಲ್ಟಾ ದಿಕ್ಕಿನಿಂದ ಹೊಡೆದಿದ್ದೇನೆ! ಸರಿ ದಿಕ್ಕಿನಿಂದ ತಟ್ಟಿದಾಗ ಮೂರೇ ತಟ್ಟಿಗೆ ಬಂತು. ಮೂರು. ತಮ್ಮ ನಕ್ಕದ್ದನ್ನು ಕಟ್ ಮಾಡಿದ್ದೇನೆ.

ಅಂಟು ಹಾಕಿದೆ. ಗಟ್ಟಿ ಎಪಾಕ್ಸಿ, ಎರಡು ದಿನ ಒಣಗಿಸಿದೆ, ನೋಡಲು ಚೆನ್ನಾಗಿತ್ತು. ಲಿವರ್ ಎಳೆದ ಮೊದಲ ಸಲಕ್ಕೇ ಬಾಯಿ ಬಿಟ್ಟಿತು. ಉಕ್ಕಿನ ತರ ವೆಲ್ಡ್ ಮಾಡೋಣ ಅಂದರೆ ಸತು ಸುಮಾರು 420 ಡಿಗ್ರಿಗೇ ಕರಗಿಹೋಗುತ್ತದೆ, ಹೌಸಿಂಗ್ ಹೋಗಿ ನೆಲದ ಮೇಲೆ ಒಂದು ಬೆಳ್ಳಿ ಹನಿ ಉಳಿಯುತ್ತದೆ. ಕೊನೆಗೆ ಗುಜರಿಗೆ ಬಿದ್ದಿದ್ದ ಇನ್ನೊಂದು ಗಾಡಿಯ ಹೌಸಿಂಗ್ ಸಿಕ್ಕಿತು. ಅದಕ್ಕೆ ಏಳು ವಾರ ಕಾದೆ. ಈ ವಿಡಿಯೋದಲ್ಲಿ ನನ್ನ ಗಡ್ಡ ಹಠಾತ್ತನೆ ಬೆಳೆದಿದೆಯಲ್ಲ, ಅದಕ್ಕೇ.

ಇದೇ ಸುತ್ತಿಗೆ ವಿಚಾರಕ್ಕೆ ಇನ್ನೊಂದು. ನನ್ನದು ಗಟ್ಟಿ ಕಾಲಂ, ಅಪಘಾತವಾದರೆ ಎದೆಗೆ ಈಟಿಯ ಹಾಗೆ ಬರುವಂಥದ್ದು. 1967ರ ಮಾಡೆಲ್‌ಗಳಿಂದೀಚೆಗೆ ಅಮೆರಿಕದ ಗಾಡಿಗಳಿಗೆ ಕುಸಿಯುವ ಕಾಲಂ ಬಂತು. ಒಳಗೆ ಪ್ಲಾಸ್ಟಿಕ್ ಪಿನ್‌ಗಳಿರುತ್ತವೆ, ಡಿಕ್ಕಿಯಾದಾಗ ಮುರಿದು ಕಾಲಂ ಒಳಕ್ಕೆ ಕುಸಿಯಲಿ ಅಂತ. ಅಂಥ ಗಾಡಿ ನಿಮ್ಮದಾದರೆ ಶಾಫ್ಟ್ ತುದಿಗೆ ಸುತ್ತಿಗೆ ತಾಗಿಸಲೇಬೇಡಿ, ಆ ಪಿನ್‌ಗಳು ಬೆಂಚ್ ಮೇಲೇ ಮುರಿಯುತ್ತವೆ. ನಾನು ಹೇಳುತ್ತಿದ್ದೇನೆ ಕೇಳಿ, ನನಗಿಂತ ಅನುಭವಸ್ಥ ಈಗ ಯಾರೂ ಇಲ್ಲ.

ಹೊಸ ಹೌಸಿಂಗ್‌ನಲ್ಲೂ ಪಿನ್ ತೂತು ಮೊಟ್ಟೆ ಆಕಾರಕ್ಕೆ ಸವೆದಿತ್ತು. ತೂತು ಸ್ವಲ್ಪ ಅಗಲಿಸಿ ತೆಳು ಹಿತ್ತಾಳೆ ಬುಷ್ ಕೂರಿಸಿದೆ. ಈ ಸಲ ಕೆಳಗೆ ಮರದ ತುಂಡು ಇದೆ, ನೋಡಿದಿರಾ?

ರಾಡ್ ತುದಿಗಳ ರಬ್ಬರ್ ಬುಷ್ ತೋರಿಸುತ್ತಿದ್ದೇನೆ. ಇದು ಒಂದು ಕಾಲದಲ್ಲಿ ರಬ್ಬರ್. ಎಂಜಿನ್ ಎಣ್ಣೆ ಸೋರಿ ಸೋರಿ ಉಬ್ಬಿ, ಮೆತ್ತಗಾಗಿ, ಉದುರಿಹೋಗಿದೆ. ನಾನು ಮೊದಲು ಇಲ್ಲೂ ಹಿತ್ತಾಳೆ ಹಾಕೋಣ ಅಂದೆ, ಜೀವಮಾನವಿಡೀ ಬಾಳುತ್ತೆ ಅಂತ. ಹಾಕಿದೆ ಕೂಡ. ಎಂಜಿನ್ ಚಾಲೂ ಮಾಡಿದ ಕೂಡಲೇ ಅದರ ನಡುಕವೆಲ್ಲ ಲಿವರ್‌ಗೆ ಬಂದು ಕೈಯೇ ಜುಮ್ಮೆಂದಿತು. ತೆಗೆದು ನೈಲಾನ್ ಹಾಕಿದೆ. ನೈಲಾನ್ ಒಳ್ಳೆಯದು, ನಾನು ಮೊದಲಿಂದಲೂ ಅದನ್ನೇ ಹೇಳುತ್ತಿದ್ದೆ.

ಹೊಂದಾಣಿಕೆ ಮಾತ್ರ ಅವಸರ ಮಾಡಬೇಡಿ. ಎರಡೂ ತೋಳುಗಳ ಕಚ್ಚುಗಳು ನ್ಯೂಟ್ರಲ್‌ನಲ್ಲಿ ಒಂದೇ ಗೆರೆಗೆ ಬರಬೇಕು. ಬರದಿದ್ದರೆ ಒಂದನೇ ಗೇರಿಂದ ಎರಡಕ್ಕೆ ದಾಟುವಾಗ ಲಿವರ್ ನಡುವೆ ಸಿಕ್ಕಿಕೊಂಡು ಆ ಕಡೆಯೂ ಇಲ್ಲ ಈ ಕಡೆಯೂ ಇಲ್ಲ. ಎರಡು ವರ್ಷದಲ್ಲಿ ಎಷ್ಟು ಸಲ ನಡುರಸ್ತೆಯಲ್ಲಿ ಇಳಿದು, ಬಾನೆಟ್ ಎತ್ತಿ, ಆ ತೋಳುಗಳನ್ನು ಕೈಯಲ್ಲಿ ತಳ್ಳಿ ಬಿಡಿಸಿದ್ದೇನೋ ಲೆಕ್ಕವಿಲ್ಲ. ಹಿಂದಿನವರು ಹಾರ್ನ್ ಹೊಡೆಯುತ್ತಿರುತ್ತಾರೆ, ನಾನು ಬಗ್ಗಿರುತ್ತೇನೆ. ಈಗ ರಾಡ್‌ಗಳ ಬೋಲ್ಟ್ ಸಡಿಲಿಸಿ, ಗೇರ್‌ಬಾಕ್ಸ್ ನ್ಯೂಟ್ರಲ್‌ಗೆ ತಂದು, ಎರಡೂ ತೋಳುಗಳ ತೂತಿಗೆ ಅಡ್ಡಲಾಗಿ ಒಂದು ಡ್ರಿಲ್ ಬಿಟ್ ತೂರಿಸಿದ್ದೇನೆ. ಹಾಗೆ ಹಿಡಿದಿಟ್ಟುಕೊಂಡೇ ಬೋಲ್ಟ್ ಬಿಗಿ. ಬಿಟ್ ತೆಗೆಯಿರಿ. ಮುಗೀತು.

ಓಡಿಸುತ್ತಿದ್ದೇನೆ. ಒಂದು, ಆಚೆ, ಎರಡು. ಕೇಳಿ, ಬೆಣ್ಣೆ. ಎರಡರಿಂದ ಮೂರಕ್ಕೆ ಬರೀ ಎರಡು ಬೆರಳು, ಕೈ ವೀಲ್‌ನಿಂದ ದೂರ ಹೋಗುವುದೇ ಇಲ್ಲ. ಎಂಥ ಚಂದದ ವ್ಯವಸ್ಥೆ ಇದು, ಯಾಕೆ ಬಿಟ್ಟರೋ! ಮೂರ್ಖ ಯೋಚನೆ ಅಂದೆನಾ? ಗ್ರೀಸ್ ಕೆರೆಯುವಾಗ ಮನುಷ್ಯ ಏನೇನೋ ಅನ್ನುತ್ತಾನೆ, ಬಿಡಿ.

ಆ ಕರಕರ ಸದ್ದು ನನ್ನ ಕೆಲಸದ್ದಲ್ಲ. ಈ ಗೇರ್‌ಬಾಕ್ಸ್‌ನಲ್ಲಿ ಒಂದನೇ ಗೇರ್‌ಗೆ ಸಿಂಕ್ರೋ, ಅಂದರೆ ಗೇರ್ ಚಕ್ರಗಳ ವೇಗ ಹೊಂದಿಸುವ ಭಾಗ, ಇಲ್ಲ, ಗಾಡಿ ಪೂರ್ತಿ ನಿಂತ ಮೇಲೇ ಹಾಕಬೇಕು. ನಾನು ಉರುಳುತ್ತಿರುವಾಗಲೇ ಹಾಕಿದೆ, ಖುಷಿಯಲ್ಲಿ.

ಮುಂದೆ ಹಸು ಅಡ್ಡ ಬಂತು. ಹಾರ್ನ್ ಒತ್ತಿದೆ. ಮತ್ತೆ ಒತ್ತಿದೆ.

"ಅಣ್ಣಾ, ಹಾರ್ನ್ ವೈರ್ ಹಾಕಿದ್ದೀಯಾ?"

ಆ ವೈರ್ ವೀಲ್ ಕೆಳಗಿದೆ. ಪುಲ್ಲರ್ ಎಲ್ಲಿಟ್ಟೆ?